ಮಗುವಿನ ಮಹಾಪಧಮನಿಯ ಸೋಂಕಿನ ಉಬ್ಬು: ಶಸ್ತ್ರಚಿಕಿತ್ಸಕನಾಗಿ ನನ್ನ ಅನುಭವ

ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮುಖ್ಯ ನಾಳವಾದ ಮಹಾಪಧಮನಿಯಲ್ಲಿ ಸೋಂಕಿನಿಂದಾಗುವ ಅನ್ಯೂರಿಸಂ, ಅಂದರೆ ಗೋಡೆಯ ಉಬ್ಬು, ಮಕ್ಕಳಲ್ಲಿ ಅಪರೂಪ. ನವಜಾತ ಶಿಶುವಾದರೆ ಹೊಕ್ಕುಳಿನ ಅಪಧಮನಿಗೆ ಹಾಕಿದ್ದ ಕ್ಯಾತಿಟರ್ (ತೆಳು ಕೊಳವೆ) ಮೇಲೆ ಮೊದಲ ಅನುಮಾನ. ದೊಡ್ಡ ಮಕ್ಕಳಾದರೆ ಹೃದಯದ ಒಳಪೊರೆಯ ಸೋಂಕು, ಇಲ್ಲವೇ ಹುಟ್ಟಿನಿಂದಲೇ ಕಿರಿದಾದ ಮಹಾಪಧಮನಿ.

ನಾನು ಶಸ್ತ್ರಚಿಕಿತ್ಸೆ ಮಾಡಿದ ಹುಡುಗಿಯೊಬ್ಬಳಿಗೆ ಜ್ವರ ಬಿಡುತ್ತಲೇ ಇರಲಿಲ್ಲ. ಕೈಯ ನಾಡಿ ಜೋರು, ತೊಡೆಸಂದಿಯದು ಹುಡುಕಿದರೂ ಸಿಗದಷ್ಟು ಕ್ಷೀಣ: ನಡುವೆ ಮಹಾಪಧಮನಿ ಕಿರಿದಾಗಿರುವ ಸೂಚನೆ. ತೊಡೆಸಂದಿಯನ್ನು ಮುಟ್ಟಿಯೂ ನೋಡದೆ ಜ್ವರದ ಔಷಧ ಬದಲಿಸುತ್ತಾ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಕ್ತದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ರಕ್ತನಾಳಗಳ ಸ್ಕ್ಯಾನ್ ಆದ ಸಿ.ಟಿ. ಆಂಜಿಯೋಗ್ರಾಮ್ ತೋರಿಸಿದ್ದು, ಕಿರಿದಾದ ಜಾಗದಿಂದ ಚಿಮ್ಮುವ ರಕ್ತ ಬಡಿಯುವ ಗೋಡೆಯಲ್ಲೇ ಒಂದು ಬದಿಗೆ ಚಾಚಿಕೊಂಡ ಉಬ್ಬು. ಗಾತ್ರ ನೋಡಿ ಕಾಯುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಸೋಂಕು ತಿಂದ ಗೋಡೆ ಉಬ್ಬು ಚಿಕ್ಕದಿದ್ದಾಗಲೇ ಒಡೆಯಬಹುದು.

ಎಡಪಕ್ಕೆಯಿಂದ ಎದೆ ತೆರೆದೆ. ಕಿರಿದಾದ ಜಾಗವನ್ನು ಬಳಸಿ ರಕ್ತ ಒಯ್ಯಲು ದಪ್ಪಗೆ ಬೆಳೆದಿದ್ದ ಬದಲಿ ರಕ್ತನಾಳಗಳಿಂದ ಒಂದೇ ಸಮನೆ ರಕ್ತಸ್ರಾವ. ಅವನ್ನು ಶಪಿಸುವಂತಿಲ್ಲ: ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸಿದಾಗ ಬೆನ್ನುಹುರಿಯನ್ನು ಕಾಯುವುದು ಅವೇ. ಮೇಲೂ ಕೆಳಗೂ ಹಿಡಿತ ಸಿಗುವವರೆಗೆ ಉಬ್ಬಿನ ಹತ್ತಿರ ಯಾರ ಕೈಯೂ ಹೋಗಕೂಡದು ಎಂದು ಸಹಾಯಕರಿಗೆ ಮೊದಲೇ ಹೇಳಿದ್ದೆ. ತೆರೆದಾಗ ಅದರ ಗೋಡೆ ನೆನೆದ ಕಾಗದದಂತೆ ಇಕ್ಕುಳದಲ್ಲೇ ಹರಿಯಿತು. ಹೊಲಿಗೆ ನಿಲ್ಲುವ, ಹೊಳಪುಳ್ಳ ಅಂಚು ಸಿಗುವವರೆಗೆ ಕತ್ತರಿಸಿದೆ; ತೆಗೆದ ತುಂಡುಗಳು ಕಲ್ಚರ್‌ಗೆ ಹೋದವು. ಉಳಿಸಿಕೊಳ್ಳುವ ಆಸೆಗೆ ಬಿದ್ದು ಸೋಂಕಿನ ಅಂಚಿಗೇ ಹೊಲಿಗೆ ಹಾಕಿದರೆ ಅಲ್ಲೇ ಮತ್ತೆ ಬಾಯಿ ಬಿಡುತ್ತದೆ.

ಬಾಕಿ ಉಳಿದ ಅಂತರಕ್ಕೆ ಏನು ಜೋಡಿಸುವುದು? ಮಕ್ಕಳಲ್ಲಿ ನಿಜವಾದ ತಲೆನೋವು ಇದೇ. ಕೃತಕ ನಾಳ ಸೋಂಕಿಗೆ ಆಸರೆಯಾಗಬಹುದು. ದಾನಿಯ ಮಹಾಪಧಮನಿಯ ತುಂಡು, ಅಂದರೆ ಹೋಮೋಗ್ರಾಫ್ಟ್, ಸೋಂಕನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಮಗುವಿನೊಡನೆ ಬೆಳೆಯುವುದಿಲ್ಲ, ಕಾಲಕ್ರಮೇಣ ಸುಣ್ಣಗಟ್ಟುತ್ತದೆ. ನಾನು ಹೋಮೋಗ್ರಾಫ್ಟನ್ನೇ ಆರಿಸಿದೆ. ಒಂದು ದಿನ ಅದನ್ನು ಬದಲಿಸಬೇಕಾದೀತು ಎಂದು ತಾಯಿ ತಂದೆಗೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳಿದ್ದೆ. ಗುಣವಾದ ಮೇಲೆ ಹೇಳಿದರೆ ಅದು ಮೋಸದಂತೆ ಕೇಳಿಸುತ್ತದೆ.

ರಕ್ತನಾಳದ ಮೂಲಕ ಆಂಟಿಬಯೋಟಿಕ್ 6 ವಾರ ನಡೆಯಿತು. ಜ್ವರ ಇಳಿದ ಕೂಡಲೇ ಮನೆಗೆ ಕಳುಹಿಸಿ ಎಂಬ ಒತ್ತಾಯ ಬಂದರೂ ಒಪ್ಪಲಿಲ್ಲ. ಈಗ ಪ್ರತಿ ಭೇಟಿಯಲ್ಲೂ ತೋಳಿನ ಮತ್ತು ಕಾಲಿನ ರಕ್ತದೊತ್ತಡ ಅಳೆಯುತ್ತೇವೆ. ಅಂತರ ಹೆಚ್ಚಿದರೆ ಮತ್ತೆ ಸ್ಕ್ಯಾನ್.