ಜೀವಾಮೃತ ಹೊಯ್ಯುವ ಮುಂಚೆ ಮುಚ್ಚಿಗೆ ಹಾಕಿ

ಶಿರಸಿ ಕಡೆಯ ಎಷ್ಟೋ ಅಡಿಕೆ ತೋಟಗಳಲ್ಲಿ ಜೀವಾಮೃತ, ಅಂದರೆ ಸಗಣಿ, ಗೋಮೂತ್ರ, ಬೆಲ್ಲ ಹುದುಗಿಸಿದ ದ್ರಾವಣ, ಹೊಯ್ಯುವುದನ್ನು ನೋಡಿದ್ದೇನೆ. ಡ್ರಮ್ಮಿನೊಳಗಿನದು ಚೆನ್ನಾಗಿಯೇ ಇರುತ್ತದೆ. ಅದನ್ನು ಮಟಮಟ ಮಧ್ಯಾಹ್ನ, ಬೋಳು ನೆಲಕ್ಕೆ, ಮರದ ಕಾಂಡಕ್ಕೇ ತಾಗಿಸಿ ಸುರಿದು ಬರುತ್ತಾರೆ. ಆರು ತಿಂಗಳ ಮೇಲೆ ‘ಏನೂ ಆಗ್ಲಿಲ್ಲ ಮಾರಾಯ’ ಅನ್ನುತ್ತಾರೆ. ಡ್ರಮ್ಮಿನಲ್ಲಿ ಬೆಳೆಸಿದ ಜೀವಾಣುಗಳಿಗೆ ನೆಲದಲ್ಲಿ ನೆರಳು, ತೇವ, ಊಟ ಬೇಕಲ್ವಾ? ಅದನ್ನು ಕೊಡುವುದು ಮುಚ್ಚಿಗೆ, ಅಂದರೆ ನೆಲಕ್ಕೆ ಹೊದಿಸುವ ಸೊಪ್ಪು, ತರಗೆಲೆ.

ಡ್ರಮ್ಮಿನ ಕೆಲಸ ಸುಲಭ. ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ ಲೆಕ್ಕ ಇದು. ನಾನು ಜೋನಿ ಬೆಲ್ಲವನ್ನೇ (ನೀರು ಬೆಲ್ಲ) ಹಾಕುತ್ತೇನೆ, ಬೇಗ ಕರಗುತ್ತದೆ. ಹಿಡಿ ಮಣ್ಣನ್ನು ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಹಳೇ ಮರದಡಿಯಿಂದ ತನ್ನಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಬಾವಿ ನೀರು ಸಾಕು. ನೆರಳಲ್ಲಿಡಿ, ಗೋಣಿಚೀಲ ಮುಚ್ಚಿ, ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿ. 48 ಗಂಟೆಗೆ ತಯಾರು. ಒಂದು ವಾರದೊಳಗೆ ಮುಗಿಸಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಡ್ರಮ್ಮನ್ನು ಮಾತ್ರ ಇದಕ್ಕೆ ಮುಟ್ಟಬೇಡಿ. ಅದರಲ್ಲಿನ ಮೈಲುತುತ್ತ ಇರುವುದೇ ಶಿಲೀಂಧ್ರ ಕೊಲ್ಲಲು.

ಇನ್ನು ಮುಚ್ಚಿಗೆ. ಇದರಲ್ಲಿ ಅವಸರ ಬೇಡ.

ನಮ್ಮಲ್ಲಿ ಎರಡು ಸಲ ಹಾಕಬೇಕು. ಮಳೆ ಹಿಡಿಯುವ ಮುಂಚೆ ಒಮ್ಮೆ, ಇಲ್ಲದಿದ್ದರೆ ಆಷಾಢದ ಹನಿಗಳ ಹೊಡೆತಕ್ಕೆ ಮೇಲ್ಮಣ್ಣೆಲ್ಲ ಬಸಿಗಾಲುವೆ ಸೇರುತ್ತದೆ. ಮಳೆ ಬಿಟ್ಟು ನೆಲ ಇನ್ನೂ ಹಸಿ ಇರುವಾಗ ಇನ್ನೊಮ್ಮೆ. ಒಣಗಿದ ನೆಲಕ್ಕೆ ಮುಚ್ಚಿದರೆ ಒಳಗೆ ಹಿಡಿದಿಡಲು ತೇವವೇ ಇರುವುದಿಲ್ಲ.

ಕೆಳಗೆ ಹಸಿಸೊಪ್ಪು ಹರಡಿ, ಮೇಲೆ ಒಣ ತರಗೆಲೆ. ಒಟ್ಟು ನಾಲ್ಕರಿಂದ ಆರು ಇಂಚು. ಬೆಟ್ಟದ ಸೊಪ್ಪು ಸಾಲದಿದ್ದರೆ ಬೇಲಿಗೆ ಗ್ಲಿರಿಸಿಡಿಯಾ ನೆಟ್ಟುಕೊಳ್ಳಿ, ಬೇಗ ಕೊಳೆಯುತ್ತದೆ. ಅಕೇಶಿಯಾ ಎಲೆ ಸುಲಭಕ್ಕೆ ಕರಗುವುದಿಲ್ಲ, ಅದೊಂದನ್ನೇ ನೆಚ್ಚಬೇಡಿ. ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ.

ಅಡಿಕೆ ಸೋಗೆ ಹಾಗೇ ಎಸೆಯದೆ ತುಂಡು ಮಾಡಿ ಹಾಕಿ. ಸೋಗೆಯ ಬುಡದ ಹಾಳೆಯನ್ನು ಕವುಚಿ ಇಡಿ. ಅಂಗಾತ ಬಿದ್ದ ಹಾಳೆಯಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಕೊಳೆರೋಗಕ್ಕೆ ಉದುರಿದ ಕಾಯಿಯನ್ನು ಮುಚ್ಚಿಗೆಯೊಳಗೆ ಬಿಡಲೇಬೇಡಿ, ಹೆಕ್ಕಿ ತೋಟದಿಂದ ಆಚೆ ಸಾಗಿಸಿ.

ಕಳೆ ತಡೆಯಲು ಸೊಪ್ಪು ಹೊತ್ತು ಹಾಸುವುದಕ್ಕಿಂತ ಕಳೆನಾಶಕ ಹೊಡೆಯುವುದು ಸುಲಭ ಅನ್ನುವವರಿದ್ದಾರೆ. ಹೊಡೆದರೆ ನೆಲ ಮತ್ತೆ ಬೋಳಾಗುತ್ತದೆ. ನನ್ನ ಮಾತು ಕೇಳಿ, ಕಳೆ ಸವರಿ ಅಲ್ಲೇ ಹಾಸಿ.

ಕಾರವಾರ, ಅಂಕೋಲಾ ಕಡೆಯ ಮರಳು ನೆಲದ ತೆಂಗಿನವರು ಸಿಪ್ಪೆಯನ್ನೂ ಸೇರಿಸಿ. ಅದು ನೀರನ್ನು ಚೆನ್ನಾಗಿ ಹೀರಿ ಇಟ್ಟುಕೊಳ್ಳುತ್ತದೆ.

ಈಗ ಹೊಯ್ಯಿರಿ. ಸಂಜೆ ಹೊತ್ತಿಗೆ, ಮಣ್ಣು ಹಿಡಿದರೆ ಉಂಡೆ ಕಟ್ಟುವಷ್ಟು ತೇವ ಇರುವಾಗ. ಒಣಗಿದ್ದರೆ ಮೊದಲು ನೀರು ಬಿಡಿ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. 200 ಲೀಟರ್ ಹಂಚಿದರೆ ಮರಕ್ಕೆ ಅರ್ಧ ಲೀಟರೂ ಬರುವುದಿಲ್ಲ. ಅಷ್ಟೇ ಸಾಕು, ಹತ್ತು ಪಟ್ಟು ನೀರು ಬೆರೆಸಿಕೊಳ್ಳಿ. ಬುಡದಿಂದ ಎರಡು ಮೂರು ಅಡಿ ದೂರದವರೆಗೆ ಮುಚ್ಚಿಗೆಯನ್ನು ಕೈಯಿಂದ ಸರಿಸಿ, ಮಣ್ಣಿಗೇ ಹೊಯ್ದು, ಮತ್ತೆ ಮುಚ್ಚಿ. ಕೆಲಸ ನಿಧಾನ, ಆದರೆ ಇಲ್ಲಿ ಅಡ್ಡದಾರಿ ಇಲ್ಲ. ಡ್ರಿಪ್ಪಿನಲ್ಲಿ ಬಿಡುವವರು ಎರಡು ಸಲ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ತೂತು ಕಟ್ಟುತ್ತದೆ.

ಧೋ ಎಂದು ಮಳೆ ಸುರಿಯುವಾಗ ಹೊಯ್ಯಬೇಡಿ, ಹೊಳೆಗೆ ಹೋಗುತ್ತದೆ. ಮಳೆ ಬಿಟ್ಟ ಮೇಲೆ ಬೇಸಿಗೆ ಮುಗಿಯುವವರೆಗೆ ತಿಂಗಳಿಗೊಮ್ಮೆ ಸಾಕು.

ಎರಡು ತಿಂಗಳಾದ ಮೇಲೆ ಒಂದು ಮರದ ಬುಡದಲ್ಲಿ ಮುಚ್ಚಿಗೆ ಎತ್ತಿ ನೋಡಿ. ಎಲೆಗಳ ನಡುವೆ ಶಿಲೀಂಧ್ರದ ಬಿಳಿ ನೂಲು, ಮಣ್ಣಿನ ಮೇಲೆ ಎರೆಹುಳದ ಹಿಕ್ಕೆ ಕಂಡರೆ ಸರಿಯಾಗಿದೆ. ಎಲೆ ಹಾಕಿದ ಹಾಗೇ ಒಣಗಿ ಬಿದ್ದಿದ್ದರೆ ತೇವ ಸಾಲದು, ನೀರಿನ ಸರದಿ ಹತ್ತಿರ ಮಾಡಿ.