ವಾಸನೆ ಹೋದರೂ ಕಣಗಳು ಹೋಗಿರಲಿಲ್ಲ

ಮಗಳಿಗೆ ಆಸ್ತಮಾ ಇದೆ. ಮನೆಯೊಳಗಿನ ಗಾಳಿ ಹೇಗಿದೆ ಅಂತ ಸುಮ್ನೆ ಊಹಿಸುವ ಬದಲು ಅಳೆದೇ ನೋಡೋಣ ಎಂದು ಪಿಎಂ 2.5 ತೋರಿಸುವ ಮೀಟರ್ ತಂದೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳ ಲೆಕ್ಕ ಅದು. ತಲೆಗೂದಲಿನ ದಪ್ಪವೇ 50ರಿಂದ 70 ಮೈಕ್ರಾನ್ ಇರುತ್ತದೆ. ಹಾಗಾಗಿ ಇವು ಕಣ್ಣಿಗೆ ಬೀಳುವುದಿಲ್ಲ.

ಎಣ್ಣೆಯಲ್ಲಿ ಕರಿಯುವಾಗ ಅಂಕಿ ಜಿಗಿಯುತ್ತದೆ ಅಂತ ಗೊತ್ತೇ ಇತ್ತು. ನನಗೆ ನಿಜಕ್ಕೂ ಚಿಂತೆ ಹತ್ತಿದ್ದು ಮಲಗುವ ಕೋಣೆಯಲ್ಲಿ. ಒಲೆ ಆರಿಸಿ, ವಾಸನೆಯೂ ಹೋಗಿ, ಬಹಳ ಹೊತ್ತಾದರೂ ಅಲ್ಲಿ ಅಂಕಿ ಇಳಿದಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ದಪ್ಪ ಧೂಳು ಬೇಗ ನೆಲಕ್ಕೆ ಕೂರುತ್ತದೆ. 1 ಮೈಕ್ರಾನ್ ಕಣ ಅಲುಗದ ಗಾಳಿಯಲ್ಲಿ ಗಂಟೆಗೆ ಸುಮಾರು 12 ಸೆಂಟಿಮೀಟರ್ ಇಳಿದರೆ ಹೆಚ್ಚು. ಅದನ್ನು ನಾವೇ ಹೊರಹಾಕಬೇಕು, ಇಲ್ಲವೇ ಫಿಲ್ಟರ್ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿಯೂ 24 ಗಂಟೆಗಳ ಸರಾಸರಿಯದ್ದೇ: ಘನ ಮೀಟರ್‌ಗೆ 15 ಮೈಕ್ರೋಗ್ರಾಂ. ಎಷ್ಟು ಏರಿತು ಅನ್ನುವುದರ ಜೊತೆಗೆ ಎಷ್ಟು ಹೊತ್ತು ನಿಂತಿತು ಅನ್ನುವುದೂ ಮುಖ್ಯ, ಅಲ್ವಾ?

ಈ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಹೋಗುತ್ತವೆ. ಆಸ್ತಮಾ ಕೆರಳುವುದಷ್ಟೇ ಅಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವೂ ಜಾಸ್ತಿಯಾಗುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ.

ಈಗ ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕುತ್ತೇನೆ. ಅಡುಗೆ ಮುಗಿದ ಮೇಲೂ ಮೀಟರ್ ಇಳಿಯುವವರೆಗೆ ಓಡಲು ಬಿಡುತ್ತೇನೆ. ಅಡುಗೆಮನೆಯ ಬಾಗಿಲು ಮುಚ್ಚಿ, ಅಲ್ಲಿನ ಕಿಟಕಿ ಸ್ವಲ್ಪ ತೆರೆದಿಡುತ್ತೇನೆ. ಹೊರಗಿಂದ ಗಾಳಿ ಬರದಿದ್ದರೆ ಫ್ಯಾನ್ ತಾನೇ ಏನನ್ನು ತಳ್ಳೀತು? ಹೊರಗೆ ಹೊಗೆ ಜಾಸ್ತಿಯಿದ್ದ ದಿನ ಮಾತ್ರ ಕಿಟಕಿ ಮುಚ್ಚಿ, ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರದ ಮೇಲೆ ಭಾರ ಹಾಕುತ್ತೇನೆ. ಆ ಯಂತ್ರ ಮಗಳ ಕೋಣೆಯಲ್ಲಿದೆ, ರಾತ್ರಿಯಿಡೀ ಓಡುತ್ತದೆ. ಕೋಣೆಯ ಅಳತೆಗೆ ತಕ್ಕದ್ದನ್ನೇ ಆರಿಸಿದೆ. ಓಝೋನ್ ಬಿಡುವಂಥದ್ದು ಬೇಡವೇ ಬೇಡ ಎಂದೆ, ಅದು ಉಸಿರಿನ ಕೊಳವೆಯನ್ನೇ ಕೆರಳಿಸುತ್ತದೆ.

ಗಾಳಿಯಲ್ಲಿ ತೇವ ಜಾಸ್ತಿಯಾದರೆ ಇಂಥ ಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅದಕ್ಕೇ ನಾನು ಒಂದು ಅಂಕಿಯನ್ನು ನಂಬಿ ಕೂರುವುದಿಲ್ಲ. ಅಡುಗೆಯ ಮೊದಲು ಎಷ್ಟಿತ್ತು, ಮತ್ತೆ ಅಲ್ಲಿಗೆ ಬರಲು ಎಷ್ಟು ಹೊತ್ತು ಬೇಕಾಯಿತು ಎಂದು ನೋಡುತ್ತೇನೆ. ಮಗಳ ಇನ್ಹೇಲರ್ ಮಾತ್ರ ವೈದ್ಯರು ಹೇಳಿದ ಹಾಗೆಯೇ ನಡೆಯುತ್ತಿದೆ. ಮೀಟರ್ ನೋಡಿ ಅದನ್ನು ಕಡಿಮೆ ಮಾಡಿಲ್ಲ.