ಟ್ರೌಟಿಗೂ ಬ್ಲೂಗಿಲ್‌ಗೂ ಒಂದೇ ರಾಡ್: ಐವತ್ತು ಡಾಲರ್ ಒಳಗೆ ನಾನು ಆರಿಸಿದ ಬಗೆ

ಮೀನು ಹಿಡಿಯುವ ರಾಡಿನ ಹಿಡಿಯಿಂದ ಒಂದು ಗೇಣು ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಉದ್ದ ಎಷ್ಟು, ಎಷ್ಟು ಪೌಂಡ್ ಎಳೆತ ತಡೆಯುವ ದಾರ ಹಾಕಬಹುದು, ಎಷ್ಟು ಔನ್ಸಿನ ಲ್ಯೂರ್ (ಹುಳದ ಬದಲು ಕಟ್ಟುವ ನಕಲಿ ಆಹಾರ) ಎಸೆಯಬಹುದು. ಅಂಗಡಿಯಲ್ಲಿ ನಾನು ಮೊದಲು ಓದುವುದು ಅದನ್ನು. ಬೆಲೆಯ ಚೀಟಿ ಆಮೇಲೆ. ಸಣ್ಣ ಮೀನಿಗೆ ಒಂದು ಹಗುರ ರಾಡ್ ಬೇಕು, ಜಾಸ್ತಿ ದುಡ್ಡು ಹಾಕೋಕೆ ಮನಸ್ಸಿಲ್ಲ ಅನ್ನುವವರಿಗೆ ಆ ಒಂದು ಸಾಲೇ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ, ಸ್ಟೇಟ್ ಕಾಲೇಜ್ ಹತ್ತಿರ. ಇಲ್ಲಿ ಬೆಟ್ಟದ ಸಾಲುಗಳು, ಅವುಗಳ ನಡುವೆ ಹಳ್ಳಗಳು. ಸುಣ್ಣಕಲ್ಲಿನ ಬುಗ್ಗೆಗಳ ತಣ್ಣೀರು ಹರಿಯುವ ಸ್ಪ್ರಿಂಗ್ ಕ್ರೀಕ್‌ನಲ್ಲಿ ಬ್ರೌನ್ ಟ್ರೌಟ್ ಇವೆ. ಅಲ್ಲಿ ಹಿಡಿದದ್ದನ್ನು ವಾಪಸ್ ಬಿಡಲೇಬೇಕು. ಬೆಟ್ಟದ ಮೇಲಿನ ಸಣ್ಣ ತೊರೆಗಳಲ್ಲಿ ಬ್ರೂಕ್ ಟ್ರೌಟ್. ಅದು ಈ ರಾಜ್ಯದ ಮೀನು, ಬಹಳಷ್ಟು ಒಂದು ಗೇಣು ಕೂಡ ಇರುವುದಿಲ್ಲ. ಇನ್ನು ಪಶ್ಚಿಮಕ್ಕೆ ಗುಡ್ಡ ಹತ್ತಿದರೆ ಬ್ಲ್ಯಾಕ್ ಮೊಶ್ಯಾನನ್ ಕೆರೆ. ಸುತ್ತಲ ಜೌಗಿನ ಗಿಡಗಳು ಬಣ್ಣ ಬಿಟ್ಟು ನೀರು ಹಾಲು ಹಾಕದ ಟೀ ಆಗಿದೆ. ಅದರಲ್ಲಿ ಬ್ಲೂಗಿಲ್, ಹಳದಿ ಪರ್ಚ್, ಕ್ರಾಪಿ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಇಂಥ ಮೀನುಗಳನ್ನೆಲ್ಲ ಸೇರಿಸಿ ಪ್ಯಾನ್‌ಫಿಶ್ ಅಂತಾರೆ. ತೊರೆಗೆ ಒಂದು ರಾಡ್, ಕೆರೆಗೆ ಇನ್ನೊಂದು ಅಂತ ಇಡುವವರಿದ್ದಾರೆ. ನನಗೆ ಎರಡಕ್ಕೂ ಒಂದೇ ಸಾಕಿತ್ತು.

ತೀರ್ಥಹಳ್ಳಿ ಕಡೆ ನಾವು ಬೆಳೆದದ್ದು ವಾಟೆ ಕೋಲು, ತಂಗೂಸಿ ದಾರ, ಬೆಂಡು, ಎರೆಹುಳದಲ್ಲಿ. ಅಲ್ಲಿ ಎಸೆಯುವ ಮಾತೇ ಇಲ್ಲ. ಕೋಲು ಎಷ್ಟು ಉದ್ದವೋ ಅಷ್ಟು ದೂರಕ್ಕೆ ಗಾಳ ಇಳಿಬಿಟ್ಟು ಕೂರುವುದು. ಕೋಲು ಗಟ್ಟಿ ಇದ್ದರೂ ನಡೆಯುತ್ತದೆ, ಬಳುಕಿದರೂ ನಡೆಯುತ್ತದೆ. ಇಲ್ಲಿನ ಕತೆ ಬೇರೆ. ಟ್ರೌಟ್ ನೆರಳು ಕಂಡರೂ ಓಡುತ್ತದೆ, ಹಾಗಾಗಿ ದೂರ ನಿಂತು ಎಸೆಯಬೇಕು. ಎಸೆಯುವ ವಸ್ತುವಿಗೋ ತೂಕವೇ ಇಲ್ಲ.

ಲೆಕ್ಕ ನೋಡಿ. ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ನಾನು ಜಾಸ್ತಿ ಬಳಸುವ ಜಿಗ್, ಅಂದರೆ ಲೋಹದ ಗುಂಡಿನ ತಲೆಯಿರುವ ಗಾಳ, 1/16 ಔನ್ಸಿನದು, ಎರಡು ಗ್ರಾಂ ಕೂಡ ಇಲ್ಲ. ಬ್ಲೂಗಿಲ್‌ಗೆ ಬೆಂಡಿನ ಕೆಳಗೆ ಕಟ್ಟುವುದು 1/32, ಅಂದರೆ ಒಂದು ಗ್ರಾಂ ಒಳಗೆ. ಟ್ರೌಟಿಗೆ ಹಾಕುವ ಮೆಪ್ಸ್, ಪ್ಯಾಂಥರ್ ಮಾರ್ಟಿನ್ ತರದ ತಿರುಗುವ ಸ್ಪಿನ್ನರ್‌ಗಳಲ್ಲಿ 1/8 ಔನ್ಸಿನದು ಕೈಗೆ ಬಂದರೆ ಅದೇ ನನಗೆ ಭಾರದ್ದು. ಇಷ್ಟು ಹಗುರದ್ದನ್ನು ತೋಳಿನ ಬಲದಿಂದ ಎಸೆಯೋಕೆ ಆಗಲ್ಲ. ರಾಡನ್ನು ಹಿಂದಕ್ಕೆ ಬೀಸಿದಾಗ ಲ್ಯೂರಿನ ಭಾರಕ್ಕೆ ಅದು ಬಾಗಬೇಕು, ಮುಂದಕ್ಕೆ ತಂದಾಗ ಆ ಬಾಗು ಬಿಚ್ಚಿಕೊಂಡು ಲ್ಯೂರನ್ನು ಕಳಿಸಬೇಕು. ರಾಡ್ ಬಾಗದಿದ್ದರೆ ಜಿಗ್ ನಿಮ್ಮ ಕಾಲ ಬುಡದಲ್ಲೇ ಬೀಳುತ್ತದೆ. ‘ಮೀಡಿಯಂ’ ಅಂತ ಬರೆದ, ಕಾಲು ಔನ್ಸಿನಿಂದ ಮೇಲಕ್ಕೆ ಎಸೆಯುವ ರಾಡ್ ಎಷ್ಟೇ ಒಳ್ಳೆ ಕಂಪನಿಯದಾದರೂ ಈ ಕೆಲಸಕ್ಕೆ ಬರುವುದಿಲ್ಲ.

ಅದಕ್ಕೇ ನಾನು ಹುಡುಕಿದ್ದು ‘ಅಲ್ಟ್ರಾಲೈಟ್’. ಲ್ಯೂರ್ 1/32ರಿಂದ 1/4 ಔನ್ಸ್, ದಾರ 2ರಿಂದ 6 ಪೌಂಡ್. ಕೆಳಗಿನ ಅಂಕಿಯೇ ಮುಖ್ಯ. ಮೇಲಿನದನ್ನು ನೋಡಿ ‘ಓ, ಕಾಲು ಔನ್ಸೂ ಎಸೆಯಬಹುದು’ ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ. ನೀವು ನಿಜವಾಗಿ ಎಸೆಯುವ ಅತಿ ಹಗುರ ವಸ್ತು ಯಾವುದು, ಅದಕ್ಕೆ ರಾಡ್ ಬಾಗುತ್ತದಾ? ಅಷ್ಟೇ ಪ್ರಶ್ನೆ.

ತೊಂದರೆ ಏನೆಂದರೆ ಈ ‘ಅಲ್ಟ್ರಾಲೈಟ್’, ‘ಲೈಟ್’ ಅನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಅಲ್ಟ್ರಾಲೈಟ್ ಇನ್ನೊಬ್ಬರ ಲೈಟಿನಷ್ಟು ಬಿರುಸು. ಮನೆಯಲ್ಲಿ ರಾಡ್ ಕಟ್ಟುವ ಹವ್ಯಾಸಿಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ರಾಡನ್ನು ಅಡ್ಡ ಹಿಡಿದು ತುದಿಗೆ ಚೀಲ ಕಟ್ಟಿ, ತುದಿ ರಾಡಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗೆ ಬರುವ ತನಕ ಪೆನ್ನಿ (ಒಂದು ಸೆಂಟ್) ನಾಣ್ಯ ಹಾಕುತ್ತಾ ಹೋಗುವುದು. ಎಷ್ಟು ಪೆನ್ನಿಗೆ ಬಂತೋ ಅದೇ ಅದರ ಬಲ. ಅಂಗಡಿಯಲ್ಲಿ ಅಷ್ಟೆಲ್ಲ ಮಾಡೋಕಾಗಲ್ಲ ಅಲ್ವಾ? ನಾನು ಒಂದು ನಿಕ್ಕಲ್ ನಾಣ್ಯಕ್ಕೆ ಪೇಪರ್ ಕ್ಲಿಪ್ ಅಂಟಿಸಿ ಜೇಬಲ್ಲಿ ಇಟ್ಟುಕೊಂಡು ಹೋಗಿದ್ದೆ. ಐದು ಸೆಂಟಿನ ಆ ನಾಣ್ಯ ಸರಿಯಾಗಿ 5 ಗ್ರಾಂ. ರಾಡಿನ ತುದಿಯ ರಿಂಗಿಗೆ ಅದನ್ನು ಸಿಕ್ಕಿಸಿ ರಾಡನ್ನು ನೆಲಕ್ಕೆ ಸಮವಾಗಿ ಹಿಡಿದು ನೋಡುವುದು. ತುದಿ ಕಣ್ಣಿಗೆ ಕಾಣುವಂತೆ ಬಗ್ಗಿದರೆ ಪಕ್ಕಕ್ಕೆ ಇಟ್ಟುಕೊಳ್ಳುವುದು, ಬಗ್ಗದಿದ್ದರೆ ವಾಪಸ್ ಸ್ಟ್ಯಾಂಡಿಗೆ. ಅಕ್ಕಪಕ್ಕ ನಿಂತಿದ್ದ ಎರಡು ರಾಡ್‌ಗಳ ಮೇಲೆ ಒಂದೇ ಅಂಕಿ ಬರೆದಿತ್ತು. ನಾಣ್ಯ ಸಿಕ್ಕಿಸಿದರೆ ಒಂದು ತಲೆಬಾಗಿತು, ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಕೌಂಟರಿನ ಅಜ್ಜ ನನ್ನನ್ನೇ ನೋಡುತ್ತಿದ್ದ. ಆಮೇಲೆ ತಾನೇ ಬಂದು ನಾಣ್ಯ ಇಸಕೊಂಡು ಒಂದೆರಡು ರಾಡಿಗೆ ಸಿಕ್ಕಿಸಿ ನೋಡಿದ.

ಉದ್ದದ ವಿಷಯಕ್ಕೆ ಬಂದರೆ, ತೊರೆ ಒಂದು ಹೇಳುತ್ತದೆ, ಕೆರೆ ಇನ್ನೊಂದು ಹೇಳುತ್ತದೆ. ನಮ್ಮ ಬೆಟ್ಟದ ತೊರೆಗಳ ಮೇಲೆ ಹೆಮ್ಲಾಕ್ ಮರ, ರೋಡೊಡೆಂಡ್ರನ್ ಪೊದೆ ಕವಿದಿರುತ್ತವೆ. ಅಲ್ಲಿ ಐದು ಅಡಿಗಿಂತ ಉದ್ದ ಇದ್ದರೆ ಕೊಂಬೆಗೆ ಸಿಕ್ಕಿಸಿಕೊಂಡು ಬಿಡಿಸುವುದೇ ಕೆಲಸ. ಕೆರೆಯ ದಡದಿಂದ ಎಸೆಯೋಕೆ ಆರೂವರೆ, ಏಳು ಅಡಿ ಚೆನ್ನ. ನಾನು ಆರಡಿಗೆ ನಿಂತೆ. ತೊರೆಯಲ್ಲಿ ಸ್ವಲ್ಪ ಕಷ್ಟ, ಆದರೆ ಅಲ್ಲಿ ತಲೆಯ ಮೇಲಿಂದ ಬೀಸದೆ, ಲ್ಯೂರನ್ನು ಬೆರಳಲ್ಲಿ ಹಿಂದಕ್ಕೆ ಜಗ್ಗಿ ಬಿಲ್ಲಿನ ಹಾಗೆ ಬಿಟ್ಟರೆ ನಡೆಯುತ್ತದೆ. ಎರಡು ತುಂಡಿನದು ತಗೊಂಡೆ, ಕಾರಿನ ಡಿಕ್ಕಿಯಲ್ಲಿ ಹಿಡಿಸಬೇಕಲ್ಲ.

ಇನ್ನು ರಾಡ್ ಯಾವುದರಲ್ಲಿ ಮಾಡಿದ್ದು ಅನ್ನುವುದು. ಎಲ್ಲರೂ ಗ್ರಾಫೈಟ್, ಗ್ರಾಫೈಟ್ ಅನ್ನುತ್ತಾರೆ. ಅಂದರೆ ಕಾರ್ಬನ್ ಎಳೆ. ಅದು ಹಗುರ, ಮೀನು ಮೂತಿ ತಾಗಿಸಿದರೂ ಕೈಗೆ ತಿಳಿಯುತ್ತದೆ, ನಿಜ. ಆದರೆ ಕಡಿಮೆ ಬೆಲೆಯ ಗ್ರಾಫೈಟ್ ಬಿರುಸಾಗಿರುವುದು ಜಾಸ್ತಿ, ಏಟು ಬಿದ್ದರೆ ಲಟಕ್ಕನೆ ಮುರಿಯುತ್ತದೆ. ಈ ಬೆಲೆಗೆ, ಈ ಮೀನಿಗೆ, ನನ್ನ ಓಟು ಫೈಬರ್‌ಗ್ಲಾಸ್‌ಗೆ. ಇಲ್ಲವೇ ಎರಡೂ ಬೆರೆತದ್ದಕ್ಕೆ. 1976ರಿಂದ ಮಾರುಕಟ್ಟೆಯಲ್ಲಿರುವ ಅಗ್ಲಿ ಸ್ಟಿಕ್ ಬೆರೆತ ಜಾತಿಯದು. ಅದರ ತುದಿಯ ಗೇಣುದ್ದ ಗಟ್ಟಿ ಫೈಬರ್‌ಗ್ಲಾಸ್, ಗಾಜಿನ ಹಾಗೆ ಮಾಸಲು ಬಿಳಿ. ಈಗಲ್ ಕ್ಲಾ ಕಂಪನಿಯ ಹಳದಿ ಬಣ್ಣದ ಫೆದರ್‌ಲೈಟ್ ಪೂರ್ತಿ ಗ್ಲಾಸು, ಬೇರು ತನಕ ಬಾಗುತ್ತದೆ. ಬೆಲೆಯೂ ಕಡಿಮೆ. ನೋಡೋಕೆ ಮಕ್ಕಳ ಆಟದ ಸಾಮಾನು ಅನ್ನಿಸಬಹುದು, ಕೈಗೆ ಕೊಟ್ಟರೆ ನಾನು ಬೇಡ ಅನ್ನಲ್ಲ.

ಮೆತ್ತಗಿನ ರಾಡ್ ಬೇಕು ಅನ್ನೋಕೆ ಎಸೆತ ಒಂದೇ ಕಾರಣ ಅಲ್ಲ. ಕ್ರಾಪಿಯ ಬಾಯಿಯ ಪಕ್ಕ ಬರೀ ತೆಳು ಪೊರೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಬಿರುಸು ರಾಡಲ್ಲಿ ಜೋರಾಗಿ ಎಳೆದರೆ ಪೊರೆ ಹರಿದು ಗಾಳ ಖಾಲಿ ಬರುತ್ತದೆ, ಮೀನಿಗೂ ಗಾಯ. ನಾಲ್ಕು ಪೌಂಡಿನ ದಾರದಲ್ಲಿ ಟ್ರೌಟ್ ಒಮ್ಮೆಲೇ ತಲೆ ಕೊಡವಿದಾಗಲೂ ಆ ಜಗ್ಗನ್ನು ತಗೊಳ್ಳುವುದು ರಾಡಿನ ನಡು. ನಡುವಿನಿಂದ ಬಾಗುವುದಕ್ಕೆ ‘ಮಾಡರೇಟ್ ಆಕ್ಷನ್’ ಅಂತಾರೆ, ತುದಿ ಮಾತ್ರ ಬಾಗುವುದಕ್ಕೆ ‘ಫಾಸ್ಟ್’. ಈ ಕೆಲಸಕ್ಕೆ ಮಾಡರೇಟೇ ಸರಿ.

ಕಡಿಮೆ ಬೆಲೆಯ ರಾಡಿನಲ್ಲಿ ಕಂಪನಿ ದುಡ್ಡು ಉಳಿಸುವುದು ಗೈಡ್ ರಿಂಗ್‌ಗಳಲ್ಲಿ. ದಾರ ಹಾಯುವ ಈ ರಿಂಗ್ ಅಡಿಗೊಂದರಂತಾದರೂ ಇರಬೇಕು, ಒಂದು ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಆರಡಿ ರಾಡಿಗೆ ನಾಲ್ಕೇ ರಿಂಗ್ ಹಾಕಿದ್ದರೆ, ರಾಡ್ ಬಾಗಿದಾಗ ದಾರ ಅದರ ಬಾಗನ್ನು ಹಿಡಿದು ಹೋಗದೆ ನೇರ ಅಡ್ಡ ಕೊಯ್ಯುತ್ತದೆ. ಆಮೇಲೆ ಪ್ರತಿ ರಿಂಗಿನ ಒಳಗೂ ಒಂದು ಚೂರು ಹತ್ತಿ ಆಡಿಸಿ. ರಿಂಗಿನ ಒಳಗಿನ ಸೆರಾಮಿಕ್‌ನಲ್ಲಿ ಕೂದಲಷ್ಟು ಬಿರುಕಿದ್ದರೂ ಎಳೆ ಸಿಕ್ಕಿಕೊಳ್ಳುತ್ತದೆ. ಅದೇ ಬಿರುಕು ನಾಳೆ ದಾರವನ್ನು ಗರಗಸದಂತೆ ಕೊಯ್ಯುವುದು. ಎರಡು ತುಂಡು ಜೋಡಿಸಿ ಅಲ್ಲಾಡಿಸಿದಾಗ ಟಕ್ ಟಕ್ ಅನ್ನಬಾರದು. ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ರಿಂಗ್‌ಗಳು ಒಂದೇ ಸಾಲಿಗೆ ಬರಬೇಕು. ಹಿಡಿ ಕಾರ್ಕ್‌ದೋ ಫೋಮ್‌ದೋ ಅಂತ ತಲೆ ಕೆಡಿಸಿಕೊಳ್ಳಬೇಡಿ.

ರಾಡಲ್ಲಿ ಉಳಿಸಿದ್ದನ್ನು ನಾನು ದಾರ ಸುತ್ತುವ ರೀಲಿಗೆ ಹಾಕಿದೆ. ದಾರ ಸಣ್ಣದಾದಷ್ಟೂ ರೀಲಿನ ಡ್ರ್ಯಾಗ್, ಅಂದರೆ ದಾರ ಬಿಡುವ ಬ್ರೇಕು, ನುಣ್ಣಗಿರಬೇಕು. ಮೀನು ಎಳೆದಾಗ ದಾರ ಒಂದೇ ಸಮ ಬಿಚ್ಚಿಕೊಳ್ಳಬೇಕು, ತಡೆತಡೆದು ಜರ್ಕ್ ಹೊಡೆದರೆ ಆ ಜರ್ಕಿಗೇ ದಾರ ತುಂಡು. 1000 ಸೈಜಿನ ಸಣ್ಣ ಸ್ಪಿನ್ನಿಂಗ್ ರೀಲ್ ಸಾಕು. ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ ಇಡುತ್ತೇನೆ. ನಾಲ್ಕು ಪೌಂಡಿನ ದಾರಕ್ಕೆ ಒಂದು ಪೌಂಡ್, ಅಂದರೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ರಾಡ್ ಎತ್ತಿದರೆ ದಾರ ಮೆಲ್ಲಗೆ ಜಾರಬೇಕು. ದಾರ ಮಾತ್ರ ಮಾಮೂಲಿ ಒಂದೇ ಎಳೆಯ ನೈಲಾನ್ (ಮೋನೋ), ನಾಲ್ಕು ಪೌಂಡಿನದೇ. ಆರು ಪೌಂಡಿನದು ಹಾಕಿದರೆ ಸಣ್ಣ ಸ್ಪೂಲಿನಿಂದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ಎರಡು ಗ್ರಾಂ ಜಿಗ್ ಅದನ್ನು ಎಳೆದುಕೊಂಡು ಎಲ್ಲಿಗೆ ಹೋದೀತು? ಸ್ಪೂಲಿನ ಅಂಚಿಗೆ ಮೂರು ಮಿಲಿಮೀಟರ್ ಬಿಟ್ಟು ತುಂಬಿಸಿ. ಗಂಟು ಬಿಗಿಯುವ ಮುಂಚೆ ನಾಲಿಗೆಯಲ್ಲಿ ಒದ್ದೆ ಮಾಡಿ, ಒಣ ಗಂಟು ಬಿಸಿಯಾಗಿ ಅಲ್ಲೇ ಸೊರಗುತ್ತದೆ. ವರ್ಷಕ್ಕೊಮ್ಮೆ ದಾರ ಬದಲಾಯಿಸಿದರೆ ಖರ್ಚು ಒಂದು ಊಟದಷ್ಟೂ ಆಗಲ್ಲ.

ನ್ಯೂಜೆರ್ಸಿಯಲ್ಲಿರುವ ಮಂಡ್ಯದ ಹುಡುಗನೊಬ್ಬ ಫೋನ್ ಮಾಡಿದ್ದ. “ಅಣ್ಣ, ಇನ್ನೂರು ಡಾಲರ್‌ದು ತಗೊಂಡ್ರೆ ಜಾಸ್ತಿ ಮೀನು ಬೀಳುತ್ತಾ?”

“ಮೀನಿಗೆ ಬೆಲೆ ಗೊತ್ತಾಗಲ್ಲ ಕಣೋ. ನಿನ್ನ ಮಣಿಕಟ್ಟಿಗೆ ಗೊತ್ತಾಗುತ್ತೆ. ಸಂಜೆ ತನಕ ಎಸೆದರೂ ನೋವು ಬರಲ್ಲ.”

“ಹಂಗಾದ್ರೆ ತಗೊಳ್ಲಾ?”

“ಮೊದಲು ಒಂದು ಸೀಸನ್ ಸುಮ್ನೆ ನಲವತ್ತರದು ಹಿಡಿ. ಆಮೇಲೂ ಆಸೆ ಹೋಗಿಲ್ಲ ಅಂದ್ರೆ ತಗೋ.”

ಹಗುರ ರಾಡಿನ ಮಜಾ ತಿಳಿಯಬೇಕಾದರೆ ಮೇ ಕೊನೆಯಿಂದ ಜೂನ್ ತನಕ ಬ್ಲೂಗಿಲ್ ಹತ್ತಿರ ಹೋಗಬೇಕು. ನೀರು ಸುಮಾರು 20 ಡಿಗ್ರಿಗೆ ಬಂದಾಗ ಗಂಡು ಮೀನುಗಳು ದಡದ ಆಳವಿಲ್ಲದ ಕಡೆ ಬಾಲದಿಂದ ಮರಳು ಗುಡಿಸಿ ತಟ್ಟೆಯಗಲದ ಗುಳಿ ಮಾಡುತ್ತವೆ. ಒಂದರ ಪಕ್ಕ ಒಂದು, ಒಂದು ಕೇರಿಯೇ ಇರುತ್ತದೆ. ಗೂಡಿನ ಹತ್ತಿರ ಏನು ಬಿದ್ದರೂ ನುಗ್ಗಿ ಕಚ್ಚುತ್ತವೆ. ಅಂಗೈಯಗಲದ ಮೀನು, ಆದರೆ ನೇರ ಬರುವುದಿಲ್ಲ. ಚಪ್ಪಟೆ ಮೈಯನ್ನು ನೀರಿಗೆ ಅಡ್ಡ ಕೊಟ್ಟು ಸುತ್ತು ಹೊಡೆಯುತ್ತದೆ. ರಾಡ್ ಹಿಡಿಯ ತನಕ ಬಗ್ಗುತ್ತದೆ, ಡ್ರ್ಯಾಗ್ ಕಿರ್ ಅನ್ನುತ್ತದೆ. ಅದೇ ಮೀನನ್ನು ದಪ್ಪ ರಾಡಲ್ಲಿ ಎಳೆದರೆ ನೀರಿಂದ ಎಲೆ ಎತ್ತಿದಂತೆ. ಗೂಡು ಕಾಯುವ ದೊಡ್ಡ ಗಂಡುಗಳನ್ನು ನಾನು ಬಿಟ್ಟುಬಿಡುತ್ತೇನೆ, ಅವು ಹೋದರೆ ಮೊಟ್ಟೆ ಕಾಯೋರಿಲ್ಲ. ನಡುಗಾತ್ರದವು ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಬೀಳುತ್ತವೆ. ಮುಳ್ಳು ಜಾಸ್ತಿ ಅಂತ ಮನೆಯಲ್ಲಿ ಗೊಣಗಾಟ ಇದ್ದದ್ದೇ, ಊರಲ್ಲಿ ತಿಂದ ಮೀನಿಗೇನು ಮುಳ್ಳಿರಲಿಲ್ವಾ?

ಟ್ರೌಟಿಗೆ ಕಟ್ಟುಪಾಡು ಜಾಸ್ತಿ. ಪೆನ್ಸಿಲ್ವೇನಿಯಾದಲ್ಲಿ 16 ತುಂಬಿದವರಿಗೆ ಲೈಸೆನ್ಸ್ ಬೇಕು, ಟ್ರೌಟ್ ಪರ್ಮಿಟ್ ಅದರ ಮೇಲೆ ಬೇರೆ. ಸೀಸನ್ ಶುರುವಾಗುವುದು ಏಪ್ರಿಲ್ ಮೊದಲ ಶನಿವಾರ ಬೆಳಗ್ಗೆ 8ಕ್ಕೆ. ಆವತ್ತು ಸಾಕಿ ಬಿಟ್ಟ ಮೀನಿರುವ ಹಳ್ಳಗಳ ದಡದಲ್ಲಿ ಭುಜಕ್ಕೆ ಭುಜ ತಾಗಿಸಿ ಜನ. ಉದ್ದ ರಾಡ್ ಬೀಸಿದರೆ ಪಕ್ಕದವರ ಟೋಪಿ ಹೋಗುತ್ತದೆ. ಸೀಸನ್ನಿನಲ್ಲಿ ದಿನಕ್ಕೆ ಐದು, ಏಳು ಇಂಚಿಗಿಂತ ಸಣ್ಣದಾದರೆ ವಾಪಸ್, ಆದರೆ ಒಂದೊಂದು ನೀರಿಗೆ ಒಂದೊಂದು ನಿಯಮ ಇದೆ, ಹೋಗುವ ಮುಂಚೆ ನೋಡಿಕೊಳ್ಳಿ. ಬಿಡುವ ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದರೆ ನಾನು ಟ್ರೌಟಿನ ಹತ್ತಿರ ಹೋಗಲ್ಲ. ಬಿಸಿ ನೀರಲ್ಲಿ ಸೆಣಸಿ ಸುಸ್ತಾದ ಮೀನು ಬಿಟ್ಟ ಮೇಲೂ ಉಳಿಯುವುದು ಕಷ್ಟ. ಆಗ ಅದೇ ರಾಡ್ ಹಿಡಿದು ಕೆರೆಗೆ.

ತೆಳು ರಾಡ್ ಮೀನಿನಿಂದ ಮುರಿಯುವುದು ಅಪರೂಪ. ಅದನ್ನು ಮುರಿಯುವುದು ಕಾರಿನ ಬಾಗಿಲು, ಗ್ಯಾರೇಜಿನ ಬಾಗಿಲು, ಮನೆಯೊಳಗಿನ ಫ್ಯಾನು. ಹಾರ್ಡ್‌ವೇರ್ ಅಂಗಡಿಯಿಂದ ಒಂದೂವರೆ ಇಂಚಿನ ಪಿವಿಸಿ ಪೈಪು, ಎರಡು ಮುಚ್ಚಳ ತಂದು ಮೂರೂಕಾಲು ಅಡಿಗೆ ಕತ್ತರಿಸಿದರೆ ಎರಡು ತುಂಡೂ ಒಳಗೆ ಹೋಗುತ್ತವೆ. ಆದರೆ ತಗೊಳ್ಳುವ ಮುಂಚೆ ರಾಡಿನ ದೊಡ್ಡ ರಿಂಗ್ ಪೈಪಿನೊಳಗೆ ಹೋಗುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ.